ನಾಗಬನಕ್ಕೆ ಬಂದ ಹೂಕುಂಡಗಳು

ನನ್ನ ಅಕ್ಕನನ್ನು ಕುದುರಿಗೆ ಕೊಟ್ಟದ್ದು. ಬಿ.ಸಿ.ರೋಡಿನಿಂದ ಸ್ವಲ್ಪ ಮೇಲೆ ನೇತ್ರಾವತಿ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ನಡುವೆ ಉಳಿದ ನೆಲ ಅದು. ಹೊಳೆಯ ನಡುಗಡ್ಡೆಗೆ ನಮ್ಮ ಕಡೆ ಕುದುರು ಅನ್ನುತ್ತೇವೆ. ಅಲ್ಲಿರುವುದು ಒಂದು ಮನೆ, ಭಾವನ ಬದನೆ, ಹಾಗಲ, ಅಲಸಂಡೆಯ ಸಾಲುಗಳು, ಮೇಲ್ತುದಿಯಲ್ಲಿ ಒಂದು ನಾಗಬನ. ನಾನು ತೋಡಾರಿನಲ್ಲಿದ್ದೇನೆ, ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಮಕ್ಕಳು ನನ್ನ ವಿಷಲಿಗಿಂತ ನನ್ನ ಬಾಯಿಗೆ ಹೆಚ್ಚು ಹೆದರುತ್ತಾರೆ. ಭಾನುವಾರ ಬಂತೆಂದರೆ ಮೂಡುಬಿದಿರೆಗೆ ಹೋಗಿ ಬಂಟ್ವಾಳದ ಬಸ್ಸು ಹತ್ತುತ್ತೇನೆ, ಮತ್ತೆ ದೋಣಿಯಲ್ಲಿ ಹೊಳೆ ದಾಟಿ ಅಕ್ಕನ ಮನೆ ಸೇರುತ್ತೇನೆ.

ಬನ ಅಂದರೆ ದೊಡ್ಡ ಕಾಡೇನಲ್ಲ. ರೆಂಜೆ, ಸುರಗಿ, ಕಾಡುಮಾವು, ಅವುಗಳ ಮೈಮೇಲೆ ಬಳ್ಳಿ, ಬುಡದಲ್ಲಿ ಬೆತ್ತದ ಪೊದೆ, ನಡುವೆ ಪಾಚಿ ಹಿಡಿದ ನಾಗನ ಕಲ್ಲುಗಳು. ನಾಗರಪಂಚಮಿಗೆ ಹಾಲೆರೆಯುವ ದಿನ ಬಿಟ್ಟರೆ ಮನೆಯವರು ಒಳಗೆ ಕಾಲಿಡುವ ಕ್ರಮವಿಲ್ಲ. ಕತ್ತಿ ಒಯ್ಯಬಾರದು, ಎಲೆ ಕೀಳಬಾರದು, ಅಲ್ಲಿ ಯಾವ ಜೀವವನ್ನೂ ಕೊಲ್ಲಬಾರದು. ಹೊಳೆಯ ಎರಡು ದಡವೂ ರಬ್ಬರು, ಅಡಿಕೆ, ಸೈಟು ಎಂದು ಬೋಳಾದ ಮೇಲೂ ಹಳೆಯ ಹೊಳೆಬದಿಯ ಕಾಡು ಅಲ್ಲಿ ಒಂದು ತುಂಡು ಉಳಿದದ್ದು ಈ ಹೆದರಿಕೆಯಿಂದಲೇ. ಉಡ, ಕೆಂಬೂತ, ಮರಗಪ್ಪೆ, ಉಗುರಿನಷ್ಟೇ ದೊಡ್ಡ ಕಂದು ಬಸವನಹುಳ, ಎಲ್ಲವೂ ಅಲ್ಲಿದ್ದವು. ನಾಗರಹಾವಂತೂ ಇದ್ದೇ ಇತ್ತು. ಅಕ್ಕ ಅದನ್ನು ಕಂಡಾಗಲೆಲ್ಲ ನಿಂತು, ಅದು ಹೋದ ಮೇಲೆ ತಾನು ಹೋಗುತ್ತಿದ್ದಳು.

ಅಕ್ಕ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಹೊಳೆ ಕುದುರಿನ ಮೇಲೆಯೇ ಹರಿಯಿತು. ಕೊಟ್ಟಿಗೆ ಹೋಯಿತು, ಕಟ್ಟಿದ್ದ ಹಸು ಹಗ್ಗ ಸಮೇತ ಹೋಯಿತು. ಅಕ್ಕ ಸೀರೆಯಿಂದ ತನ್ನನ್ನು ರೆಂಜೆಯ ಮರಕ್ಕೆ ಕಟ್ಟಿಕೊಂಡು ಹಸುವಿನ ಕೂಗು ಕೇಳುತ್ತಾ ನಿಂತಿದ್ದಳಂತೆ. ಬನದ ಬೇರುಗಳು ನೀರಿನ ಹೊಡೆತವನ್ನು ತಡೆದದ್ದರಿಂದ ಹಿಂದಿದ್ದ ಮನೆ ನಿಂತಿತು. ಅಂದಿನಿಂದ ಅವಳದ್ದು ಒಂದೇ ಮಾತು: ಬನ ಹೋದರೆ ಕುದುರು ಹೋಗುತ್ತದೆ, ಕುದುರು ಹೋದರೆ ನಾವು ಹೋಗುತ್ತೇವೆ. ಅವಳಿಗೆ ಅದು ಭಕ್ತಿಯೋ ಜೀವಭಯವೋ ಎಂದು ನಾನು ಕೇಳಿಲ್ಲ. ಎರಡೂ ಇರಬಹುದು.

ಭಾವನ ಅಣ್ಣ ಮುಂಬೈಯಲ್ಲಿ ಹೋಟೆಲು ಮಾಡಿದವರು. ಅವರನ್ನು ನಾವು ದೊಡ್ಡ ಭಾವ ಅನ್ನುತ್ತೇವೆ. ಕೆಟ್ಟವರಲ್ಲ, ಆದರೆ ಊರಿಗೆ ಬಂದರೆ ಏನಾದರೂ ಕಟ್ಟಿಸದೆ ಹೋಗುವವರಲ್ಲ. ಒಂದು ಬೇಸಿಗೆಯಲ್ಲಿ ಬಂದು, ನಾಗ ಹೀಗೆ ಮಳೆಯಲ್ಲಿ ನೆನೆಯುವುದು ಮನೆತನಕ್ಕೆ ಮರ್ಯಾದೆಯಲ್ಲ ಎಂದರು. ಈಗ ಎಲ್ಲ ಕಡೆ ಹಾಗೇ ತಾನೆ, ಬನ ಕಡಿದು ಕಟ್ಟೆ ಕಟ್ಟುವುದೇ ಜೀರ್ಣೋದ್ಧಾರ. ನಾನು ಮಧ್ಯೆ ಬಾಯಿ ಹಾಕಿ, ನಾಗ ನಿಮ್ಮಲ್ಲಿ ಕೊಡೆ ಕೇಳಿದ್ದಾನಾ ಎಂದೆ. ಅಕ್ಕ ನನ್ನ ಕೈ ಹಿಂಡಿದಳು. ಅವಳು ಬೇಡಿಕೊಂಡದ್ದರಿಂದ ದೊಡ್ಡ ಮರಗಳಷ್ಟೇ ಉಳಿದವು. ಬೆತ್ತದ ಪೊದೆ ಹೋಯಿತು, ಕಲ್ಲುಗಳ ಸುತ್ತ ಸಿಮೆಂಟಿನ ಕಟ್ಟೆ ಬಂತು, ಅದಕ್ಕೆ ಬಿಳಿ ಸುಣ್ಣ ಬಳಿದರು. ಕಟ್ಟೆಯ ಸುತ್ತ ಸಾಲಾಗಿ ಇಡಲಿಕ್ಕೆ ಎಲ್ಲಿಯದೋ ನರ್ಸರಿಯಿಂದ ಕೇಪಳ, ದಾಸವಾಳದ ಕುಂಡಗಳು ದೋಣಿಯಲ್ಲಿ ಬಂದವು. ಪೂಜೆ ಮುಗಿಸಿ ದೊಡ್ಡ ಭಾವ ಮುಂಬೈ ಬಸ್ಸು ಹತ್ತಿದರು.

ಮೊದಲ ಮಳೆ ಬಿದ್ದಾಗ ಅಕ್ಕನಿಗೆ ಆ ಕುಂಡಗಳ ಬದಿಯಲ್ಲಿ ಮುಷ್ಟಿಗಾತ್ರದ ಬಸವನಹುಳಗಳು ಕಂಡವು. ಅವಳು ಹೆಚ್ಚು ಯೋಚಿಸಲಿಲ್ಲ. ಮರುವರ್ಷ ಮಳೆ ಹಿಡಿದಾಗ ಮೆಟ್ಟದೆ ಅಂಗಳ ದಾಟಲಿಕ್ಕೆ ಆಗುತ್ತಿರಲಿಲ್ಲ. ಆಫ್ರಿಕಾದ ಹುಳ ಅದು, ಈಗ ಊರೆಲ್ಲ ಉಂಟು. ಬದನೆಯ ಎಲೆ ತಿಂದು ದಂಟು ಬಿಟ್ಟಿತು, ಹಾಗಲದ ಬಳ್ಳಿಯ ಸಿಪ್ಪೆ ಹೆರೆಯಿತು, ಪಪ್ಪಾಯಿಯನ್ನು ಗಿಡದಲ್ಲಿರುವಾಗಲೇ ಕೊರೆದು ಒಳಗೆ ಮಲಗಿತು. ತರಕಾರಿ ಕೊಂಡುಹೋಗಲಿಕ್ಕೆ ದೋಣಿಯಲ್ಲಿ ಬರುವ ಕಾಕ, ಬಿ.ಸಿ.ರೋಡಿನ ಹಳೆಯ ವ್ಯಾಪಾರಿ, ಒಂದನ್ನು ಕೋಲಿನಿಂದ ಮಗುಚಿ ನೋಡಿದರು. ಕಕ್ಕಿಂಜೆಯಲ್ಲಿ ಅವರ ತಂಗಿಯ ಮನೆಗೂ ಇದು ಕುಂಡದ ಮಣ್ಣಿನಲ್ಲೇ ಬಂದದ್ದಂತೆ. ಭಾವ ಅದನ್ನು ಒಪ್ಪಲಿಲ್ಲ. ಅಣ್ಣ ತಂದದ್ದರಲ್ಲಿ ದೋಷ ಹುಡುಕುವುದು ಭಾವನಿಗೆ ಯಾವಾಗಲೂ ಕಷ್ಟ. ಹೊಳೆಯಲ್ಲಿ ಬಂದಿರಬೇಕು ಎಂದರು. ನರ್ತೆಯಾದರೂ ಆಗಿದ್ದರೆ ಸುಕ್ಕ ಮಾಡಿ ತಿನ್ನಬಹುದಿತ್ತು ಎಂದು ನಕ್ಕರು. ನರ್ತೆ ಅಂದರೆ ನಮ್ಮ ಹೊಳೆಯದ್ದೇ ಚಿಪ್ಪಿನ ಹುಳ, ಅದಕ್ಕೆ ರುಚಿ ಉಂಟು.

ಆ ಮಳೆಗಾಲ ನಾನು ಕೊಂದದ್ದಕ್ಕೆ ಲೆಕ್ಕವಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ತಲೆಗೆ ಕಾಯಿಲೆ ಬರಬಹುದು ಎಂದು ಆಸ್ಪತ್ರೆಯ ನರ್ಸು ಹೇಳಿದ್ದರಿಂದ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ರಜೆ ಸಿಕ್ಕಿ ರಾತ್ರಿ ಅಲ್ಲೇ ಉಳಿದಾಗಲೆಲ್ಲ ಬೆಳಕು ಹರಿಯುವಾಗ ಹೆಕ್ಕಿ ಬಕೆಟಿಗೆ ಹಾಕಿ ಮೇಲಿನಿಂದ ಕಲ್ಲುಪ್ಪು ಸುರಿಯುತ್ತಿದ್ದೆ. ಉಪ್ಪು ತಾಗಿದ ಕೂಡಲೇ ಅದು ಹಳದಿ ನೊರೆ ಕಾರುತ್ತದೆ. ಚಿಪ್ಪಿನೊಳಗೆ ಸರಿಯುತ್ತದೆ, ಅಲ್ಲೂ ಉಪ್ಪು, ಮತ್ತೆ ಹೊರಗೆ ಬರುತ್ತದೆ, ಮೈ ಹುರಿಗೊಳ್ಳುತ್ತದೆ. ಬಕೆಟಿನೊಳಗೆ ಕುದಿಯುವ ಗಂಜಿಯ ಹಾಗೆ ಸದ್ದು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಖುಷಿಯಾಯಿತು. ಉಪ್ಪು ಮುಗಿದಾಗ ಕಡೆಯುವ ಕಲ್ಲಿನ ಗುಂಡಿನಿಂದ ಜಜ್ಜಿದೆ. ಚಿಪ್ಪಿನ ಚೂರು ಮುಖಕ್ಕೆ ಸಿಡಿಯಿತು, ಲೋಳೆ ಸೀರೆಗೆ ಅಂಟಿತು, ಆ ನಾತ ಮೂಡುಬಿದಿರೆ ಬಸ್ಸಿನವರೆಗೂ ನನ್ನ ಜೊತೆ ಬಂತು. ಬದಿಯಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಆದರೆ ಇದೆಲ್ಲ ಬನದ ಹೊರಗೆ. ಒಳಗೆ ನಾವು ಹೋಗುವ ಹಾಗಿರಲಿಲ್ಲ. ಅಲ್ಲಿ ಆ ಹುಳಕ್ಕೆ ಅಭಯವಿತ್ತು. ಬೇಲಿಯ ಈಚೆ ನಿಂತು ಅಕ್ಕ ನನಗೆ ತೋರಿಸಿದಳು. ಸುಣ್ಣ ಬಳಿದ ಕಟ್ಟೆಯ ಮೈಯೇ ಕಾಣದ ಹಾಗೆ ಹುಳಗಳು ಒಂದರ ಮೇಲೊಂದು ಹತ್ತಿ ಸುಣ್ಣವನ್ನು ಕೆರೆದು ತಿನ್ನುತ್ತಿದ್ದವು. ಚಿಪ್ಪು ಬೆಳೆಯಲಿಕ್ಕೆ ಅವಕ್ಕೆ ಸುಣ್ಣ ಬೇಕು. ಮಣ್ಣು, ಕೆಂಪು ಮುರಕಲ್ಲು ಮಾತ್ರ ಇದ್ದ ಬನದಲ್ಲಿ ಅದು ಸಿಗುತ್ತಿರಲಿಲ್ಲ, ನಾವು ಕಟ್ಟೆ ಕಟ್ಟಿ ಬಡಿಸಿದ್ದೆವು. ರೆಂಜೆಯ ಬುಡದಲ್ಲಿ ಮೊಳೆತಿದ್ದ ಸಸಿಗಳಲ್ಲಿ ಒಂದೂ ಉಳಿದಿರಲಿಲ್ಲ. ಹಳೆಯ ಮರಗಳು ಬಿದ್ದರೆ ಆ ಜಾಗದಲ್ಲಿ ಏಳಲಿಕ್ಕೆ ಏನೂ ಇಲ್ಲ ಎಂದು ಅಕ್ಕ ಮೆಲ್ಲಗೆ ಹೇಳಿದಳು. ನನಗೆ ಆ ಕಟ್ಟೆಯನ್ನು ಹಾರೆಯಿಂದ ಪುಡಿ ಮಾಡಬೇಕು ಅನ್ನಿಸಿತು.

ಭಾವ ತನಗೆ ತಿಳಿದ ಹಾಗೆ ಒಂದು ಉಪಾಯ ಮಾಡಿದರು. ಅಂಗಡಿಯಿಂದ ವಿಷ ತಂದು ತೌಡು, ಬೆಲ್ಲ ಸೇರಿಸಿ ಕಲಸಿದರು. ಅಂಗಡಿಯವನು ಸ್ವಲ್ಪ ಸ್ವಲ್ಪವೇ ಇಡಿ, ಬೇರೆ ಪ್ರಾಣಿಗೆ ಸಿಗದ ಹಾಗೆ ಮುಚ್ಚಿಡಿ ಎಂದಿದ್ದನಂತೆ. ಆದರೆ ಬನದೊಳಗೆ ಇಡುವಂತಿಲ್ಲವಲ್ಲ. ಹಾಗಾಗಿ ಒಳಗಿನ ಹುಳವೆಲ್ಲ ವಾಸನೆಗೆ ಹೊರಗೆ ಬರಲಿ ಎಂದು ವಿಷವನ್ನು ದುಪ್ಪಟ್ಟು ಹಾಕಿ, ತೆಂಗಿನ ಗೆರಟೆಗಳಲ್ಲಿ ತುಂಬಿಸಿ, ಬೇಲಿಯ ಉದ್ದಕ್ಕೂ ಬನದ ಸುತ್ತ ತೆರೆದಿಟ್ಟರು. ನಾಗನ ಜಾಗಕ್ಕೆ ಒಂದು ಹನಿ ವಿಷ ಹೋಗದ ಹಾಗೆ ನೋಡಿಕೊಂಡೆ ಎಂದು ಅವರಿಗೆ ಸಮಾಧಾನ. ಬನಕ್ಕೆ ಸುತ್ತಲೂ ವಿಷದ ಬೇಲಿ ಕಟ್ಟಿದೆ ಎಂದು ಹೊಳೆಯಲಿಲ್ಲ.

ಮರುದಿನ ಭಾನುವಾರ. ನಾನು ದೋಣಿಯಿಂದ ಇಳಿಯುವಾಗ ಅಕ್ಕ ನನ್ನನ್ನು ಕೂಗಿದ ರೀತಿಗೇ ಚೀಲ ದೋಣಿಯಲ್ಲೇ ಬಿಟ್ಟು ಓಡಿದೆ. ಬೇಲಿಯ ಬದಿ ಹುಳಗಳು ಸತ್ತು ನೀಲಿಗಟ್ಟಿ ಬಿದ್ದಿದ್ದವು, ಅದು ಸರಿ. ಅವುಗಳ ನಡುವೆ ಇಲಿಗಳು ಹಲ್ಲು ಕಿರಿದು ಬಿದ್ದಿದ್ದವು. ಒಂದು ಕೆಂಬೂತ ರೆಕ್ಕೆ ಬಡಿಯುತ್ತಾ ಒಂದೇ ಕಡೆ ಸುತ್ತುತ್ತಿತ್ತು, ನೋಡುತ್ತಿದ್ದ ಹಾಗೆ ಮಗುಚಿತು. ಹುಳಗಳನ್ನು ತಿಂದಿದ್ದ ಉಡ ಅಂಗಳದವರೆಗೆ ಬಂದು ಜೊಲ್ಲು ಸುರಿಸುತ್ತಾ ಬಾಲದಿಂದ ನೆಲ ಬಡಿಯುತ್ತಿತ್ತು. ಅದರ ಉಗುರುಗಳು ಅಂಗಳದ ಕೆಸರನ್ನು ಗೀರುತ್ತಿದ್ದವು. ಭಾವ ಅದರ ಬಾಯಿಗೆ ನೀರು ಬಿಡಲು ಹೋದಾಗ ಅದು ಅವರ ಕೈ ಕಚ್ಚಿ ಹಿಡಿದು ಹಾಗೇ ಸತ್ತಿತು. ದವಡೆ ಬಿಡಿಸಲು ನಾನು ಸೌದೆಯ ಚಕ್ಕೆ ತುರುಕಬೇಕಾಯಿತು. ಭಾವನ ರಕ್ತ ನನ್ನ ಮೊಣಕೈವರೆಗೆ ಇಳಿಯಿತು, ಅವರು ಕೈ ನೋಡಿಕೊಳ್ಳಲೂ ಇಲ್ಲ.

ಯಾಕೆಂದರೆ ಅಷ್ಟರಲ್ಲಿ ಅಕ್ಕ ಬೇಲಿಯ ಇನ್ನೊಂದು ತುದಿಯಲ್ಲಿ ನೆಲಕ್ಕೆ ಕೂತಿದ್ದಳು. ಅವಳ ಎದುರು ನಾಗರಹಾವು ಉದ್ದಕ್ಕೆ ಬಿದ್ದಿತ್ತು, ಹೊಟ್ಟೆ ಮೇಲಾಗಿ. ವಿಷ ತಿಂದ ಇಲಿಯನ್ನು ನುಂಗುತ್ತಿದ್ದಾಗಲೇ ಸತ್ತಿರಬೇಕು. ಅರ್ಧ ಇಲಿ ಒಳಗೆ, ಹಿಂಗಾಲು ಮತ್ತು ಬಾಲ ಬಾಯಿಯಿಂದ ಹೊರಗೆ.

ನಮ್ಮಲ್ಲಿ ಸತ್ತ ನಾಗನನ್ನು ಕಂಡವರು ಹಾಗೇ ಬಿಟ್ಟು ಬರುವಂತಿಲ್ಲ. ಮನೆಯ ಮನುಷ್ಯ ಸತ್ತರೆ ಮಾಡುವುದನ್ನೆಲ್ಲ ಮಾಡಬೇಕು. ಭಟ್ಟರನ್ನು ಕರೆಸಿದೆವು. ಅಕ್ಕ ಆ ಇಲಿಯನ್ನು ಎಳೆದು ತೆಗೆದಳು, ಹಾವಿನ ಬಾಯಿ ಒರೆಸಿದಳು, ಸುರುಳಿ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಭಾವ ಕಟ್ಟು ಹಾಕಿದ ಕೈಯಲ್ಲೇ ಬೆಂಕಿ ಕೊಟ್ಟರು. ತುಪ್ಪ ಬಿದ್ದು ಬೆಂಕಿ ಎದ್ದಾಗ ಸುರುಳಿಯಾಗಿದ್ದ ಹಾವು ನೆಟ್ಟಗಾಗಿ ಬಟ್ಟೆಯಿಂದ ಹೊರಗೆ ಚಾಚಿತು. ಭಾವ ಅಲ್ಲಿಯೇ ಕೂತು ಅತ್ತರು. ಅವರು ಅತ್ತದ್ದನ್ನು ಮೊದಲು ನೋಡಿರಲಿಲ್ಲ. ಎರಡು ಮಾತು ಬೈಯಬೇಕೆಂದು ಹತ್ತಿರ ಹೋದವಳು ಅವರ ಕೈಯ ಸಡಿಲಾದ ಕಟ್ಟನ್ನು ಬಿಗಿ ಮಾಡಿದೆ.

ಭಟ್ಟರು ಹೊರಡುವಾಗ ಅಕ್ಕ, ಬನದೊಳಗೆ ಹೋಗಿ ಆ ಹುಳಗಳನ್ನು ತೆಗೆಯಬಹುದಾ ಎಂದು ಕೇಳಿದಳು. ಒಳಗೆ ಹಿಂಸೆ ಕೂಡದು ಎಂದರು ಅವರು. ಹಿಂಸೆ ಆಗಿ ಮುಗಿದಿದೆಯಲ್ಲ ಭಟ್ರೇ ಎಂದು ನಾನು ಗಂಟಲು ಏರಿಸಿದೆ. ಅಕ್ಕ ಏರಿಸಲಿಲ್ಲ. ಒಳಗೆ ಕೊಲ್ಲಬಾರದು ಅಷ್ಟೇ ಅಲ್ಲವಾ, ಹೊರಗೆ ತಂದು ಕೊಲ್ಲಬಹುದಲ್ಲ ಎಂದು ಕೇಳಿದಳು. ಭಟ್ಟರು ಚೀಲ ಹೆಗಲಿಗೆ ಹಾಕಿಕೊಂಡರು. ಸ್ನಾನ ಮಾಡಿ, ಬರಿಗಾಲಲ್ಲಿ, ಕಬ್ಬಿಣ ಇಲ್ಲದೆ ಹೋಗಿ ಎಂದರು.

ಹಾಗೆ ಶುರುವಾಯಿತು. ಬಚ್ಚಲಿನ ದೊಡ್ಡ ತಾಮ್ರದ ಹಂಡೆಯನ್ನು ದೋಣಿ ಕಟ್ಟುವ ಜಾಗಕ್ಕೆ ತಂದು, ಮಳೆ ಬೀಳದ ಹಾಗೆ ಮೇಲೆ ತಗಡಿನ ಮಾಡು ಹಾಕಿ, ಕೆಳಗೆ ತೆಂಗಿನ ಮಡಲು, ಕೊತ್ತಳಿಗೆ ಉರಿಸಿದೆವು. ಅಕ್ಕ ದಿನಾ ಬೆಳಿಗ್ಗೆ ಮಿಂದು ಬನಕ್ಕೆ ಹೋಗಿ ಬುಟ್ಟಿ ತುಂಬಾ ಹೆಕ್ಕಿ ತರುತ್ತಾಳೆ, ಕುದಿಯುವ ನೀರಿಗೆ ಸುರಿಯುತ್ತಾಳೆ. ಚಿಪ್ಪುಗಳು ಹಂಡೆಯ ಮೈಗೆ ಬಡಿಯುತ್ತವೆ, ಆಮೇಲೆ ಸುಮ್ಮನಾಗುತ್ತವೆ. ನಮ್ಮದೇ ಸಣ್ಣ ಕಂದು ಹುಳ ಬುಟ್ಟಿಯಲ್ಲಿ ಸಿಕ್ಕಿದರೆ ಅದನ್ನು ಎಲೆಯ ಮೇಲಿಟ್ಟು ವಾಪಸ್ಸು ಬಿಟ್ಟು ಬರುತ್ತಾಳೆ. ಅವಳ ಕಾಲಬೆರಳ ಸಂದಿ ಹುಣ್ಣಾಗಿದೆ, ಕೈಯ ಚರ್ಮ ಸುಟ್ಟು ಸುಲಿದಿದೆ. ಮೆಲ್ಲಗೆ ಮಾತಾಡುವ ನನ್ನ ಅಕ್ಕನ ಮುಖ ಆ ಹಂಡೆಯ ಎದುರು ನನಗೇ ಹೆದರಿಕೆ ಹುಟ್ಟಿಸುತ್ತದೆ.

ನಾಗರಪಂಚಮಿಯ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ದೊಡ್ಡ ಭಾವ ಬಂದರು. ಹಾವಿನ ಸುದ್ದಿ ಕೇಳಿ ಹೆದರಿಯೇ ಬಂದದ್ದು, ಪ್ರಾಯಶ್ಚಿತ್ತಕ್ಕೆಂದು ದೋಣಿ ತುಂಬಾ ಹೊಸ ಕೇಪಳದ ಕುಂಡಗಳನ್ನು ತಂದಿದ್ದರು. ಒಂದೊಂದೂ ಹೂ ಬಿಟ್ಟು ಕೆಂಪಗೆ ನಿಂತಿತ್ತು. ಅಕ್ಕ ದೋಣಿಗೆ ಇಳಿದು ಮೊದಲ ಕುಂಡ ಎತ್ತಿದಳು. ಪೂಜೆಗೆ ಒಯ್ಯುತ್ತಾಳೆ ಎಂದುಕೊಂಡರೋ ಏನೋ, ದೊಡ್ಡ ಭಾವ ದಾರಿ ಬಿಟ್ಟರು. ಅವಳು ಅದನ್ನು ಹಂಡೆಯ ಬಾಯಿಗೆ ಒಯ್ದು, ಗಿಡ, ಮಣ್ಣು, ಹೂವು ಸಮೇತ ಕುದಿಯುವ ನೀರಿಗೆ ಮುಳುಗಿಸಿದಳು.

ದೊಡ್ಡ ಭಾವ ಅವಳ ರಟ್ಟೆ ಹಿಡಿದು ಎಳೆದರು. ನೀರು ಚೆಲ್ಲಿ ಇಬ್ಬರ ಕಾಲಿಗೂ ಬಿತ್ತು, ಇಬ್ಬರೂ ಹಿಂದೆ ಸರಿಯಲಿಲ್ಲ. ನಾನು ನುಗ್ಗಿ ಅವರ ಅಂಗಿಯ ಕಾಲರಿಗೆ ಕೈ ಹಾಕಿದೆ. ನನ್ನನ್ನು ಭಾವ ಹಿಡಿದುಕೊಂಡರು.

"ನಾಗನಿಗೆಂದು ತಂದದ್ದನ್ನು ಬೇಯಿಸ್ತೀಯಾ ನೀನು?" ದೊಡ್ಡ ಭಾವ ಕೂಗಿದರು.

ಅಕ್ಕ ಕೋಲಿನಿಂದ ಹಂಡೆಯನ್ನು ಒಮ್ಮೆ ಕದಡಿದಳು. ಕುಂಡದ ಮಣ್ಣು ಕರಗಿ, ಒಳಗಿದ್ದ ಆ ಹುಳದ ಮೊಟ್ಟೆಗಳು ಸಾಬಕ್ಕಿಯ ಹಾಗೆ ಮೇಲೆದ್ದು ಸುತ್ತುತ್ತಿದ್ದವು.

"ನಾಗನನ್ನೇ ಸುಟ್ಟಾಗಿದೆ ಭಾವ," ಎಂದಳು. "ಇದು ಬರೀ ಗಿಡ."

ದೊಡ್ಡ ಭಾವ ಅವಳ ರಟ್ಟೆ ಬಿಟ್ಟು ಹಂಡೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಬದಿಗಿಟ್ಟು, ಬೊಬ್ಬೆ ಏಳುತ್ತಿದ್ದ ಕಾಲಲ್ಲೇ ದೋಣಿಗೆ ಇಳಿದು ಎರಡನೆಯ ಕುಂಡವನ್ನು ಎತ್ತಿ ಅಕ್ಕನ ಕೈಗೆ ಕೊಟ್ಟರು.