ತಾಯಿಯನ್ನು ತೋರಿಸು ಎಂದ ಶಾಂತಕ್ಕ

ಶಾಂತಕ್ಕನ ಬಲಗೈ ಹೆಬ್ಬೆರಳಿನ ಉಗುರು ಸದಾ ಉದ್ದವಾಗಿರುತ್ತಿತ್ತು. ಉಳಿದ ಒಂಬತ್ತನ್ನು ಕತ್ತರಿಸಿಕೊಂಡರೂ ಅದೊಂದನ್ನು ಮುಟ್ಟುತ್ತಿರಲಿಲ್ಲ. ಕುಪ್ಪೇಲೂರಿನ ಬೀಜದ ಪ್ಲಾಟುಗಳಲ್ಲಿ ಹೆಣ್ಣುಗಿಡದ ಮೊಗ್ಗು ಬಿಡಿಸಿ, ಅದರ ಕೇಸರ ಚಿವುಟಿ, ಬೇರೆ ಗಿಡದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಆ ಉಗುರೇ ಆಯುಧ. ಪರಾಗ ಮುಟ್ಟಿಸಿದ ಹೂವಿಗೆ ದಾರ ಕಟ್ಟಬೇಕು. ದಾರವಿಲ್ಲದ ಕಾಯಿ ಕಂಡರೆ, ಅದೆಷ್ಟೇ ದಪ್ಪಗಿರಲಿ, "ಇದು ಕಳ್ಳಬಸುರು" ಎಂದು ಕಿತ್ತೆಸೆಯುತ್ತಿದ್ದಳು.

ಆ ಕೆಲಸ ಆಕೆಗೊಂದು ಚಟ ಅಂಟಿಸಿತ್ತು. ಏನನ್ನೇ ತರಲಿ, ಮೊದಲು ತಾಯಿಯನ್ನು ನೋಡಬೇಕು. ಎಮ್ಮೆಕರುವಿಗಾದರೆ ಸರಿ. ತಮ್ಮನ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹುಡುಗಿಯನ್ನು ಬಿಟ್ಟು ಅವಳ ಅವ್ವನನ್ನು ಅಡುಗೆಮನೆಯಿಂದ ಕರೆಸಿ, ಎದುರಿಗೆ ಕೂರಿಸಿಕೊಂಡು ಒಂದು ತಾಸು ಮಾತಾಡಿ ಬಂದಳಂತೆ. "ಹುಡುಗಿ ಈಗಿನ್ನೂ ಹೂವ. ಹೆಂಗ ಕಾಯಾಗತಾಳಂತ ತಿಳೀಬೇಕಂದ್ರ ಅವ್ವನ್ನ ನೋಡಬೇಕು" ಎಂದಿದ್ದಳು. ಸೊಸೆ ಚೆನ್ನಾಗಿ ಬಾಳಿದ್ದರಿಂದ ಆಕೆಯ ಮಾತಿಗೆ ಇನ್ನಷ್ಟು ಬೆಲೆ ಬಂತು.

ನನ್ನದು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿ. ಟಿವಿಯ ಮೊಬೈಲ್ ಜಾಹೀರಾತಿನಲ್ಲಿ ಚಪ್ಪಟೆ ಮೂತಿಯ ಪಗ್ ನಾಯಿ ಬರತೊಡಗಿದ್ದೇ ತಡ, ಅಂಥದ್ದೇ ಮರಿ ಬೇಕೆಂದು ಜನ ಮುಗಿಬಿದ್ದರು. ಬ್ಯಾಡಗಿಯವನೊಬ್ಬ ಬುಟ್ಟಿಯಲ್ಲಿ ಮರಿ ತಂದುಕೊಟ್ಟು, ಜೊತೆಗೆ ವಂಶಾವಳಿ ಎಂದು ಬಂಗಾರದಂಚಿನ ಕಾಗದ ಕೊಡುತ್ತಿದ್ದ. ಅಪ್ಪ ಚಾಂಪಿಯನ್, ಅಜ್ಜ ಚಾಂಪಿಯನ್. ನಾನು ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಹೆದರಿಕೆ.

ಮೊಮ್ಮಗಳು ಕಾವೇರಿಯ ಹಟಕ್ಕೆ ಶಾಂತಕ್ಕ ಒಂದು ಮರಿ ಒಯ್ಯಲು ಬಂದಳು.

"ತಾಯಿ ಎಲ್ಲೈತೋ ತಮ್ಮಾ?"

ನಾನು ಕಾಗದ ತೋರಿಸಿದೆ.

"ಇದು ಚೀಟಿ. ನಾ ತಾಯಿ ಕೇಳಿದೆ" ಎಂದು ಗೊಣಗಿದಳು. ಆದರೆ ಹುಡುಗಿ ಆಗಲೇ ಮರಿಯನ್ನು ಎದೆಗವಚಿಕೊಂಡಿದ್ದಳು. ಐದನೇ ದಿನ ರಕ್ತಭೇದಿಯಾಗಿ ಅದು ಸತ್ತಿತು. ಕಾವೇರಿ ಎರಡು ದಿನ ಅನ್ನ ಮುಟ್ಟಲಿಲ್ಲ.

ಶಾಂತಕ್ಕ ಬರುವುದು ಕಂಡು ನಾನು ಮೀನಿನ ತೊಟ್ಟಿಗಳ ಹಿಂದೆ ಸರಿದೆ. ಆಕೆ ಬೈಯಲಿಲ್ಲ. "ಹೊರಗ ಬಾ. ತಾಯೀನ ತೋರ್ಸು ನಡಿ" ಎಂದಳು. ಇಬ್ಬರೂ ಬ್ಯಾಡಗಿ ಬಸ್ಸು ಹತ್ತಿದೆವು.

ಮೆಣಸಿನಕಾಯಿ ಗೋದಾಮಿನ ಹಿಂದೆ, ಮರಿ ತಂದುಕೊಡುತ್ತಿದ್ದವನ ತಗಡಿನ ಶೆಡ್ಡು. ಘಾಟಿಗೆ ನಾವು ಸೀನಿದೆವು, ಒಳಗಿನ ನಾಯಿಗಳೂ ಸೀನುತ್ತಿದ್ದವು. ಮೂಲೆಯ ಪಂಜರದಲ್ಲಿತ್ತು ತಾಯಿ. ಜೋತ ಮೊಲೆಗಳು, ಪಾದದಲ್ಲಿ ಹುಣ್ಣು, ಮತ್ತೆ ತುಂಬಿದ ಹೊಟ್ಟೆ. ಶಾಂತಕ್ಕ ಕುಕ್ಕರಗಾಲಲ್ಲಿ ಕೂತು, ರೋಗದ ಗಿಡದ ಎಲೆ ಮಗುಚಿ ನೋಡುವಂತೆ ಅದರ ಕಿವಿ, ತುಟಿ ನೋಡಿದಳು.

"ವಯಸ್ಸೆಷ್ಟು?" ಎಂದು ಮಾಲೀಕನನ್ನು ಕೇಳಿದಳು.

"ನಾಕ್ರೀ."

"ಇದು ಎಷ್ಟನೇ ಬಸುರು?"

"ಆರನೇದು."

"ಟೊಮ್ಯಾಟೊ ಗಿಡಕ್ಕೂ ಇಷ್ಟಾ ಕಾಯಿ ಅಂತ ಐತಿ. ಆಮ್ಯಾಲಿನ ಹೂವ ಚಿವುಟಿ ಒಗೀತೀವಿ, ಗಿಡ ಸೋತೀತು ಅಂತ. ಈಕೀಗೆ ಸೋತೀಯೇನವ್ವಾ ಅಂತ ಒಬ್ಬರೂ ಕೇಳಲಿಲ್ಲೇನು?"

ಮಾಲೀಕ ನಕ್ಕ. ನಾನು ತಲೆ ತಗ್ಗಿಸಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ, "ಕಣ್ಣಾರೆ ತಾಯೀನ ನೋಡಲಾರದ ಇನ್ನ ಮರಿ ಮಾರಬ್ಯಾಡ. ಆಣಿ ಮಾಡು" ಎಂದಳು. ಮಾಡಿದೆ. ಖರೇ ಮನಸ್ಸಿನಿಂದಲೇ ಮಾಡಿದೆ.

ಎಂಟು ತಿಂಗಳು ಪಂಜರ ಖಾಲಿ ಇಟ್ಟೆ. ಬಂದವರೆಲ್ಲ ಮರಿ ಕೇಳಿ ಬರಿಗೈಲಿ ಹೋಗುತ್ತಿದ್ದರು, ಬರೀ ಮೀನಿನಿಂದ ಮನೆ ನಡೆಯಲಿಲ್ಲ. ಆಗ ಹಾವೇರಿಯವನೊಬ್ಬ ಬುಟ್ಟಿ ತಂದ. ತಾಯಿ ಹುಬ್ಬಳ್ಳಿ ಕಡೆ ಇದೆ, ಬೇಕಾದರೆ ಬಂದು ನೋಡಿ ಎಂದ. ನಾನು ಹೋಗದೆಯೇ ಮರಿಗಳನ್ನು ಇಳಿಸಿಕೊಂಡೆ. ನೋಡಿದರೆ ಮರಿ ಮಾರಲಾರೆ ಎಂಬುದು ನನಗೆ ಗೊತ್ತಿತ್ತು.

ಅದೇ ವಾರ ಕಾವೇರಿಯ ಕೈ ಹಿಡಿದು ಶಾಂತಕ್ಕ ಬಂದಳು.

"ತಾಯೀನ ನೋಡೀದೇನು?"

"ನೋಡೇನಿ."

"ಹೆಂಗೈತಿ?"

"ಗಟ್ಟಿ ಐತಿ. ಎರಡನೇ ಬಾಣಂತನ." ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು!

"ನೀ ನೋಡೀದಿ ಅಂದ್ರ ನಾ ನೋಡಿದಂಗ" ಎಂದು ಆಕೆ ಮರಿಯನ್ನೆತ್ತಿ ಹುಡುಗಿಯ ಕೈಗಿಟ್ಟಳು.

ಆಮೇಲೆ ಕುಪ್ಪೇಲೂರಿನ ಬಸ್ಸು ಬಂದಾಗಲೆಲ್ಲ, ಮರಿ ಸತ್ತ ಸುದ್ದಿ ಹೊತ್ತು ಶಾಂತಕ್ಕ ಇಳಿದಾಳೇನೋ ಎಂದು ಬಾಗಿಲಿಗೆ ಬಂದು ನೋಡುತ್ತಿದ್ದೆ. ಐದು ದಿನ ಕಳೆಯಿತು, ಹತ್ತು ಕಳೆಯಿತು. ಒಂದು ತಿಂಗಳಿಗೆ ಆಕೆ ಬಂದಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ.

"ಮರಿ ಮನಿತುಂಬ ಕುಣದಾಡಾಕತ್ತೈತಿ. ನೀ ತಾಯೀನ ನೋಡಿ ತಂದಿ, ಅದಕ್ಕ ಬದುಕೇತಿ. ಪ್ಲಾಟಿನ್ಯಾಗ ಎಲ್ಲಾರಿಗೂ ಹೇಳೇನಿ, ತಗೊಂಡ್ರ ಇವನ ಕಡೇನ ತಗೋರಿ ಅಂತ."

ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಕೆ ಅದರಲ್ಲಿ ಹೋಳಿಗೆಯ ತುಂಡು ಇಟ್ಟಳು. ಅದೇ ಕೊನೆಯ ಭೇಟಿ.

ಮುಂದಿನ ಹಂಗಾಮಿಗೆ ಮೊದಲೇ ಜ್ವರ ಬಂದು ಶಾಂತಕ್ಕ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಪ್ಲಾಟಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು.

"ಅಣ್ಣಾರ, ನೀವು ತಾಯೀನ ನೋಡೇ ಮರಿ ತರತೀರಂತ ಶಾಂತಕ್ಕ ಹೇಳ್ತಿದ್ಲು. ನಮ್ಮ ಮಗಳಿಗೂ ಒಂದು ಇಡ್ರಿ."

ನಾನು ಹೂಂ ಅಂದೆ.