ಕೆಂಪು ಮುಖದ ಕರು

ಭೀಮಾಶಂಕರ ತನ್ನ ತಪ್ಪನ್ನು ಎಂದೂ ಒಪ್ಪಿಕೊಳ್ಳದ ಮನುಷ್ಯ. ಹನ್ನೊಂದು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ. ಒಂದು ಸಲವೂ ‘ನನ್ನಿಂದಾಯಿತು’ ಅಂದದ್ದಿಲ್ಲ. ಸೂಜಿ ಮುರಿದರೆ ಎಮ್ಮೆ ಒದೆಯಿತು. ಆಕಳು ಗಬ್ಬ ನಿಲ್ಲದಿದ್ದರೆ ಒಡೆಯ ತಡಮಾಡಿ ತಂದ. ನಾನು ಕೊಟ್ಟ ಮೂರು ನೋಟಿಸುಗಳಿಗೆ ಅವನು ಬರೆದ ಉತ್ತರಗಳು ನೋಟಿಸಿಗಿಂತ ಉದ್ದವಾಗಿದ್ದವು.

ಕಾಳಗಿಗೂ ಚಂದಾಪುರಕ್ಕೂ ನಡುವಿನ ಹಳ್ಳಿಯೊಂದರ ಪಶು ಆಸ್ಪತ್ರೆ ನಮ್ಮದು, ನಾನು ಅಲ್ಲಿನ ಡಾಕ್ಟರ್. ಭೀಮಾಶಂಕರ ಅಲ್ಲಿ ಕೃತಕ ಗರ್ಭಧಾರಣೆ ಮಾಡುತ್ತಿದ್ದ. ವೀರ್ಯ ತುಂಬಿದ ತೆಳು ನಳಿಕೆಗೆ ಎಲ್ಲರೂ ಕಡ್ಡಿ ಎನ್ನುತ್ತಾರೆ. ಹೋರಿಯ ನಂಬರ್ ಅದರ ಮೇಲೇ ಅಚ್ಚಾಗಿರುತ್ತದೆ. ಖಾಲಿ ಕಡ್ಡಿಯನ್ನು ಬೇರೆಯವರು ಎಸೆಯುತ್ತಾರೆ. ಇವನು ತನ್ನ ಸ್ವಂತ ನೋಟುಬುಕ್ಕಿನಲ್ಲಿ ತಾರೀಖು, ಒಡೆಯನ ಹೆಸರು ಬರೆದು, ಪಕ್ಕದಲ್ಲೇ ಟೇಪು ಹಚ್ಚಿ ಇಡುತ್ತಿದ್ದ. ನಿಷ್ಠೆಯಿಂದಲ್ಲ, ಯಾರೂ ತನ್ನ ಕಡೆ ಬೊಟ್ಟು ಮಾಡಬಾರದೆಂದು. ಅಂಥ ಪುಸ್ತಕಗಳು ಹದಿನಾಲ್ಕಿದ್ದವು.

ಅವನ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಮೇ ತಿಂಗಳ ಮಧ್ಯಾಹ್ನ, ಆಸ್ಪತ್ರೆಯ ಮುಂದೆ ಹಾಸಿದ ಪರಸಿ ಕಲ್ಲು ಕಾದ ಹೊತ್ತಿನಲ್ಲಿ, ಕಾಶೀನಾಥ ಸಾಹುಕಾರ ಆಕಳು ಕರು ಹೊಡೆದುಕೊಂಡು ಬಂದ. ಹಿಂದೆ ಲಾಲಮ್ಮ. ಅವಳು ಕೂಲಿ ಹೆಂಗಸು. ಅವನ ದೇವಣಿ ತಳಿಯ ಆಕಳನ್ನು ಪಾಲಿಗೆ ಸಾಕುತ್ತಿದ್ದಳು. ಮೊದಲ ಕರು ಅವನಿಗೆ, ಎರಡನೆಯದು ಅವಳಿಗೆ, ಹಾಲು ಅರ್ಧರ್ಧ. ಆಕಳ ಮೈ ಬಿಳಿ, ಮುಖ ಕಪ್ಪು. ಕಡ್ಡಿಯ ಹೋರಿಯದೂ ಅದೇ ಬಣ್ಣ. ಹುಟ್ಟಿದ ಕರುವಿನ ಮುಖ ಮಾತ್ರ ಇಟ್ಟಿಗೆಯ ಹಾಗೆ ಕೆಂಪು.

“ಎಲ್ಲಿಂದ ಬಂತ್ರಿ ಈ ಕೆಂಪು?” ಎಂದ ಕಾಶೀನಾಥ. “ಆಸ್ಪತ್ರಿ ತನಕ ನಡೀಲಿಕ್ಕ ಬ್ಯಾಸರಾಗಿ ಈಕಿ ಓಣ್ಯಾಗಿನ ಕೆಂದ ಹೋರಿ ಮುಂದ ಬಿಟ್ಟಾಳ. ಇವತ್ತೇ ಆಕಳ ಹೊಡಕೊಂಡು ಹೋಗ್ತೀನಿ.”

“ಮಕ್ಕಳ ಮ್ಯಾಲ ಆಣಿ ಸಾಹುಕಾರ್ರೇ, ಮಳ್ಯಾಗ ನೆನಕೊಂತ ಇಲ್ಲಿಗೇ ತಂದಿದ್ದೆ. ಭೀಮಾಶಂಕರಪ್ಪಗ ಕೇಳ್ರಿ,” ಎಂದಳು ಲಾಲಮ್ಮ.

ಭೀಮಾಶಂಕರ ನನ್ನನ್ನು ಒಳಗೆ ಕರೆದು ಪುಸ್ತಕವನ್ನು ನನ್ನ ಮುಂದಷ್ಟೇ ತೆರೆದ. ತಾರೀಖು ಸರಿ, ನಂಬರ್ ಸರಿ. “ನನ್ನ ಕೆಲಸ ಪಕ್ಕಾ ಅದರಿ, ಮೇಡಂ,” ಎಂದು ಪಿಸುಗುಟ್ಟಿದ.

ನಾನು ಹೊರಗೆ ಬಂದು ಹೇಳಿದೆ: ಕಪ್ಪು ಮುಖದ ದನದಲ್ಲಿ ಕೆಂಪು ಅಡಗಿರಬಹುದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಬಣ್ಣದ ಎರಡು ಪಾಲು ಕರುವಿಗೆ ಬರುತ್ತವೆ. ಒಂದು ಕಪ್ಪಿದ್ದರೂ ಕೆಂಪು ಕಾಣುವುದಿಲ್ಲ. ಎರಡೂ ಕೆಂಪಾದರೆ ಹೊರಬೀಳುತ್ತದೆ. ಎರಡರಲ್ಲೂ ಕೆಂಪು ಅಡಗಿರುವ ಜೋಡಿಯ ನಾಲ್ಕು ಕರುಗಳಲ್ಲಿ ಒಂದಕ್ಕೆ ಹಾಗಾಗಬಹುದು. ಇದನ್ನೇ ಎಷ್ಟು ಊರುಗಳಲ್ಲಿ, ಎಷ್ಟು ಅಂಗಳಗಳಲ್ಲಿ ಹೇಳಿದ್ದೇನೋ. ನನ್ನ ದನಿಯಲ್ಲಿ ಕಸುವಿರಲಿಲ್ಲ.

“ಕಾಣೋ ಬಣ್ಣಕ್ಕೇ ಸೀರಿ ಅಂಗಡ್ಯಾಗ ನನ್ನ ಹೆಣ್ತಿ ಸಾಕುಸಾಕು ಮಾಡ್ಯಾಳ, ಡಾಕ್ಟರಮ್ಮ. ಕಾಣದ್ದು ನೀವು ಹೇಳಬ್ಯಾಡ್ರಿ.”

ಯಾವ ಹೋರಿಯ ಕರು ಎಂದು ತಿಳಿಯಲು ರಕ್ತ ಪರೀಕ್ಷೆಗೆ ಕಳಿಸೋಣ, ಎರಡು ಮೂರು ತಿಂಗಳು ತಡೆಯಿರಿ ಎಂದೆ. ಅವನು ಆಗಲೇ ಹಗ್ಗ ಬಿಚ್ಚುತ್ತಿದ್ದ. ಲಾಲಮ್ಮ ಸೆರಗಿನ ತುದಿಯನ್ನು ತೊಟ್ಟಿಯ ನೀರಿಗೆ ಅದ್ದಿ ಕರುವಿನ ಮುಖ ಉಜ್ಜುತ್ತ ಕೂತಿದ್ದಳು.

“ಕಡೀ ಮಾತು,” ಎಂದ ಕಾಶೀನಾಥ. “ಭೀಮಾಶಂಕರ, ನೀ ಹಾಕಿದ ಕಡ್ಡಿ ಸರಿ ಇತ್ತೋ ಇಲ್ಲೋ? ಸರಿ ಇದ್ರ ತಪ್ಪು ಈಕಿದು. ನಿಂದಿದ್ರ ಹೇಳು, ಮ್ಯಾಲಿನ ಆಫೀಸಿಗಿ ಅರ್ಜಿ ಕೊಡ್ತೀನಿ.”

ಅರ್ಜಿ ಹೋದರೆ ವಿಚಾರಣೆ. ವಿಚಾರಣೆ ಮುಗಿಯುವ ತನಕ ಪಿಂಚಣಿ ನಿಲ್ಲುತ್ತದೆ. ಅದು ಭೀಮಾಶಂಕರನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವನು ಬಾಗಿಲೊಳಗೇ ನಿಂತು, ನನಗಷ್ಟೇ ಕಾಣುವಂತೆ, ಪುಸ್ತಕದ ಆ ಪುಟದ ಟೇಪನ್ನು ಉಗುರಿನಿಂದ ಎಬ್ಬಿಸಿ, ಕಡ್ಡಿಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಹೊರಗೆ ಬಂದ.

“ಕಡ್ಡಿ ಅದಲು ಬದಲಾಗ್ಯಾದರಿ, ಸಾಹುಕಾರ್ರೇ,” ಎಂದ. “ನಂದೇ ತಪ್ಪು. ಹಗ್ಗ ಆಕಿ ಕೈಯಾಗ ಕೊಡ್ರಿ.”