ಹನುಮಂತಪ್ಪನೂ ನಾನೂ ದಾಟಿದ ಹಳ್ಳ

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಯಾರಾದರೂ ದೆವ್ವ, ಗಾಳಿ ಎಂದು ಬಾಯಿ ತೆಗೆದರೆ ‘ಹೋಗ್ರಯ್ಯಾ’ ಎಂದು ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ಹೇಳಹೊರಟಿರುವುದು ಮಹಾರಾಜರ ಕಾಲದ ಮಾತು. ಇದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ನಡೆದದ್ದು. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಆಗ ನಾನು ಬಡವನಹಳ್ಳಿಯಲ್ಲಿ ಮೇಷ್ಟ್ರು. ಹಳೆಯ ಸರ್ವೆ ನಕಾಶೆಗಳ ಹುಚ್ಚು ಬೇರೆ. ಮಧುಗಿರಿಯ ಕಚೇರಿಯಲ್ಲಿದ್ದ ಸ್ನೇಹಿತರೊಬ್ಬರನ್ನು ಕಾಡಿ ಬೇಡಿ ಒಂದೊಂದೇ ಹಾಳೆ ತಂದು, ಹಾಳುಬಿದ್ದ ಊರುಗಳು ಎಲ್ಲಿದ್ದವೆಂದು ಹುಡುಕಿಕೊಂಡು ಅಲೆಯುತ್ತಿದ್ದೆ. ‘ಇರೋ ಊರಲ್ಲಿ ಒಂದು ಹಿಡಿ ಸೊಪ್ಪು ತರೋಕೆ ಕಾಲುನೋವು, ಇಲ್ಲದ ಊರಿಗೆ ಮಾತ್ರ ಓಡ್ತೀರಿ’ ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ನೆರೆಮನೆಯ ಹನುಮಂತಪ್ಪನ ಮಗಳು ಗಂಗಮ್ಮನಿಗೆ ಸಿರಾ ಕಡೆಯ ಗಂಡು ಗೊತ್ತಾಗಿತ್ತು. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು. ವೀಳ್ಯ ಬದಲಾಯಿಸುವ ಹೊತ್ತಿಗೆ ಗಂಡಿನ ಕಡೆಯ ಮುದುಕರೊಬ್ಬರು ಅಡ್ಡ ಬಂದರು. ಎರಡು ಮನೆಯ ಹಿರಿಯರೂ ಪ್ಲೇಗಿನ ಕಾಲದಲ್ಲಿ ಒಂದೇ ಗುಡ್ಡದ ಬುಡದಿಂದ ಗುಳೆ ಎದ್ದವರು. ದೊಡ್ಡವರೆಲ್ಲ ಸತ್ತು, ಉಳಿದ ಮಕ್ಕಳು ಯಾರಾರದೋ ಮನೆಗಳಲ್ಲಿ ಬೆಳೆದದ್ದರಿಂದ ತಮ್ಮ ಬೆಡಗು, ಅಂದರೆ ಕುಲದೊಳಗಿನ ಬಳಿ, ಯಾವುದೆಂದೇ ಅವರಿಗೆ ಗೊತ್ತಿರಲಿಲ್ಲ. ಆ ಕಡೆ ಊರಿಗೊಂದೇ ಬೆಡಗು. ಅಲ್ಲಿದ್ದದ್ದು ಒಂದೇ ಊರಾದರೆ ಎಲ್ಲರೂ ಒಂದೇ ಬೆಡಗು, ಅಂದರೆ ಹುಡುಗ ಹುಡುಗಿ ಅಣ್ಣತಂಗಿ. ಒಂದು ಮನೆಯವರು ಗುಡ್ಡದ ಮಗ್ಗುಲಿನವರು, ಇನ್ನೊಂದು ಮನೆಯವರು ಬಯಲ ಮಗ್ಗುಲಿನವರು ಎಂಬುದಷ್ಟೇ ನೆನಪಿದ್ದದ್ದರಿಂದ, ಎರಡು ಊರಾದರೆ ಅಡ್ಡಿಯಿಲ್ಲ. ಗಂಗಮ್ಮ ಊಟ ಬಿಟ್ಟು ಮಲಗಿದಳು.

‘ನಿಮ್ ನಕಾಸೆ ಏನ್ ಹೇಳ್ತದೆ ನೋಡ್ಬುಡಿ ಮೇಷ್ಟ್ರೇ, ನನ್ ಕೂಸು ಉಳೀಬೇಕು’ ಎಂದು ಹನುಮಂತಪ್ಪ ನನ್ನ ಕೈ ಹಿಡಿದ. ಪ್ಲೇಗಿಗಿಂತ ಹಿಂದಿನ ಹಾಳೆ ತಂದೆ. ಗುಡ್ಡದ ಬುಡದಲ್ಲಿ ಎರಡು ಊರು, ನಡುವೆ ಒಂದು ಹಳ್ಳದ ಗೆರೆ. ಇಬ್ಬರೂ ಬೆರಳಿಟ್ಟು ನೋಡಿದೆವು. ಮರುದಿನವೇ ಹೊರಟೆವು. ಈಚೆ ದಡದಲ್ಲಿ ಮನೆಗಳ ತಳಪಾಯ, ಒಂದು ಗುಡಿಯ ಕಟ್ಟೆ. ಮೊಣಕಾಲುದ್ದ ನೀರು ದಾಟಿದರೆ ಆಚೆಯೂ ತಳಪಾಯ, ಇನ್ನೊಂದು ಗುಡಿಯ ಕಟ್ಟೆ. ‘ಎಲ್ಡು ಊರು ಕಣ್ ಮೇಷ್ಟ್ರೇ!’ ಎಂದು ಹನುಮಂತಪ್ಪ ದಡದಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು. ನಮ್ಮ ಮಾತಿನ ಮೇಲೆ ಗಂಡಿನವರು ಒಪ್ಪಿ, ಮದುವೆ ಸಾಂಗವಾಗಿ ನಡೆಯಿತು.

ಹಾಳೆಯನ್ನು ಹಿಂದಿರುಗಿಸುವ ಮುಂಚೆ ನನಗೊಂದು ಪ್ರತಿ ಬರೆದಿಟ್ಟುಕೊಳ್ಳೋಣವೆಂದು ಬಿಡಿಸಿ ಕೂತೆ. ಅದೇ ಹಾಳೆ, ಅದೇ ಗುಡ್ಡ, ಮೂಲೆಯಲ್ಲಿ ನಾನೇ ಚೆಲ್ಲಿದ್ದ ಕಾಫಿಯ ಕಲೆಯೂ ಅದೇ. ಊರು ಮಾತ್ರ ಒಂದೇ. ಹಳ್ಳವಿಲ್ಲ. ಕೆರೆದು ಅಳಿಸಿದ ಗುರುತೂ ಇಲ್ಲ. ಅಯ್ಯೋ ಶಿವನೇ!

ಹನುಮಂತಪ್ಪನನ್ನು ಕರೆದುಕೊಂಡು ಓಡಿದೆ. ಅದೇ ದಾರಿ. ಒಂದು ಗುಡಿಯ ಕಟ್ಟೆ, ಅದರ ಸುತ್ತ ತಳಪಾಯ. ಆಚೆಗೆ ಗುಡ್ಡದವರೆಗೂ ಜಾಲಿ ಬೆಳೆದ ಗಟ್ಟಿ ನೆಲ. ನೀರು ಹರಿದ ಒಂದು ತಗ್ಗೂ ಇಲ್ಲ. ಈಗ ದಾರಿ ತಪ್ಪಿದೆವೋ, ಮೊದಲ ಸಲವೇ ತಪ್ಪಿದ್ದೆವೋ ಎಂದು ಸಂಜೆಯವರೆಗೂ ಗುಡ್ಡ ಸುತ್ತಿದೆವು. ಏನೂ ಗೊತ್ತಾಗಲಿಲ್ಲ.

‘ಅವತ್ತು ನನ್ ಪಂಚೆ ನೆಂದಿತ್ತಲ್ವಾ ಮೇಷ್ಟ್ರೇ?’ ಎಂದ ಹನುಮಂತಪ್ಪ.

‘ನೆಂದಿತ್ತು ಕಣಪ್ಪಾ. ನನ್ನದೂ ನೆಂದಿತ್ತು.’

‘ಅಂಗಾದ್ರೆ ಹಳ್ಳ ಇತ್ತು. ಇನ್ನು ಈ ಮಾತು ಬುಟ್ಬುಡಿ’ ಎಂದವನೇ ಊರ ದಾರಿ ಹಿಡಿದ.

ಬಿಡುವುದು ಹೇಗೆ? ಇಬ್ಬರಿಗೂ ಒಟ್ಟಿಗೆ ಭ್ರಮೆ ಹಿಡಿಯಿತೆನ್ನಲೇ? ಭ್ರಮೆಗೆ ಪಂಚೆ ನೆನೆಯುತ್ತದೆಯೇ? ಯೋಚಿಸಿದಷ್ಟೂ ತಲೆ ಕೆಡುತ್ತದೆ. ಗಂಗಮ್ಮ ತವರಿಗೆ ಬಂದಾಗಲೆಲ್ಲ ಗಂಡನ ಜೊತೆ ನಮ್ಮ ಮನೆಗೂ ಬರುತ್ತಾಳೆ. ‘ನಿಮ್ಮಿಂದ್ಲೇ ಮೇಷ್ಟ್ರೇ ನಾವು ಒಂದಾಗಿದ್ದು’ ಎಂದು ಇಬ್ಬರೂ ಕಾಲಿಗೆ ಬೀಳುತ್ತಾರೆ. ಅವರ ತಲೆಯ ಮೇಲೆ ಕೈಯಿಡುವಾಗ, ಎದುರಿಗಿರುವುದು ಗಂಡಹೆಂಡಿರೋ ಅಣ್ಣತಂಗಿಯೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.